ಒಂದೇ ಮಂಚದ ಕೋಣೆ

2012ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ನಾನು ಮತ್ತು ವಿಜಯ ಮಿಲ್ಟನ್ನಿನಿಂದ ಹೊರಟೆವು. ಹೊರಗೆ ಮೈನಸ್ ಹದಿನಾಲ್ಕು. ಹೋಗಬೇಕಾದದ್ದು ಗ್ರೀಸಿನ ಕಡಲತೀರಕ್ಕೆ, ಆದರೆ ಅದು ಸೆಪ್ಟೆಂಬರಿನ ಮಾತು. ಅವತ್ತಿನ ನಮ್ಮ ಪ್ರಯಾಣ ಟೊರಾಂಟೊದ ಡ್ಯಾನ್‌ಫೋರ್ತ್ ರಸ್ತೆಯವರೆಗೆ ಮಾತ್ರ. ಅಲ್ಲಿ ಗ್ರೀಕರ ಅಂಗಡಿಗಳ ನಡುವೆ ಒಂದು ಟ್ರಾವೆಲ್ ಏಜೆನ್ಸಿಯನ್ನು ವಿಜಯ ಹುಡುಕಿಟ್ಟಿದ್ದಳು. ಶನಿವಾರ ನಮ್ಮೂರಿಗೆ ರೈಲಿಲ್ಲ. ಯೂನಿಯನ್ ಸ್ಟೇಷನ್ನಿನ ತನಕ ಬಸ್ಸಿನಲ್ಲಿ ಒಂದೂಕಾಲು ಗಂಟೆ ಕೂತೆವು.

ವಿಜಯ ಧಾರವಾಡದವಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ನನಗಿಂತ ನಾಲ್ಕು ವರ್ಷಕ್ಕೆ ಹಿರಿಯಳು. ನಾನು ಉಡುಪಿಯವಳು, ಮಿಲ್ಟನ್ನಿನ ಗೋದಾಮೊಂದರಲ್ಲಿ ಯಾವ ಲಾರಿ ಯಾವ ಬಾಗಿಲಿಗೆ ಬರಬೇಕೆಂದು ಹೇಳುವವಳು. ಆರು ವರ್ಷಗಳಿಂದ ನಾವಿಬ್ಬರೂ ಜೋಡಿಯಾಗಿ ಬಾಳುತ್ತಿದ್ದೇವೆ. ಇದು ನಮ್ಮ ಕೆನಡಾದ ಗೆಳತಿಯರಿಗೆಲ್ಲ ಗೊತ್ತು. ಕನ್ನಡದವರ ಮುಂದೆ ಮಾತ್ರ ಅವಳು ನನಗೆ ವಿಜಯಕ್ಕ. ಯಾರಾದರೂ ಕೇಳಿದರೆ "ನನ್ನ ಅಕ್ಕನ ಹಾಗೆ" ಎಂದುಬಿಡುತ್ತೇನೆ. ಅಕ್ಕ ಎಂದ ಮೇಲೆ ನಮ್ಮವರಲ್ಲಿ ಮುಂದಿನ ಪ್ರಶ್ನೆ ಬರುವುದಿಲ್ಲ, ಊಟದ ಮಾತು ಶುರುವಾಗುತ್ತದೆ.

ಈ ರಜೆಯ ಆಸೆ ವಿಜಯಳದ್ದು. ಲೆಸ್ವೋಸ್ ದ್ವೀಪದಲ್ಲಿ ಎರೆಸೋಸ್ ಎಂಬ ಹಳ್ಳಿ ಇದೆಯಂತೆ. ಅಲ್ಲಿಯ ಮರಳಿನ ಮೇಲೆ ಇಬ್ಬರು ಹೆಂಗಸರು ಕೈಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲವಂತೆ. "ಹತ್ತು ದಿನ ನಿನ್ನ ಜೋಡಿ ಆರಾಮಾಗಿ ಅಡ್ಡಾಡಬೇಕು ನೋಡು. ಅಷ್ಟ ಸಾಕು ನನಗ," ಎಂದು ಬಸ್ಸಿನಲ್ಲಿ ಮತ್ತೆ ಹೇಳಿದಳು.

ಯೂನಿಯನ್ನಿನಿಂದ ಸಬ್‌ವೇ ಹಿಡಿದು ಚೆಸ್ಟರ್ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ರಸ್ತೆಯ ತುಂಬ ಬಿಸಿ ಬ್ರೆಡ್ಡಿನ ವಾಸನೆ. ಏಜೆನ್ಸಿಯ ಗಾಜಿನ ಬಾಗಿಲಿಗೆ ಅಂಗೈಯಗಲದ ಕಾಮನಬಿಲ್ಲು ಅಂಟಿಸಿದ್ದರು, ನಮ್ಮಂಥ ಜೋಡಿಗಳಿಗೆ ಸ್ವಾಗತವೆಂಬ ಗುರುತು. ವಿಜಯ ಈ ಅಂಗಡಿಯನ್ನು ಆರಿಸಿದ್ದೇ ಅದಕ್ಕೆ. ಒಳಗೆ ಎಲೇನಿ ಎಂಬ ಅರವತ್ತರ ಹೆಂಗಸು ಮೊದಲು ಕಾಫಿ ಕೊಟ್ಟಳು. ಆಮೇಲೆ ಕಂಪ್ಯೂಟರಿನಲ್ಲಿ ಹೆಸರು ಬರೆದುಕೊಳ್ಳುತ್ತ, "ನೀವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು?" ಎಂದು ಕೇಳಿದಳು.

"ಅಕ್ಕತಂಗಿಯರು," ಎಂದೆ.

ನನ್ನ ಬಾಯಿಗಿಷ್ಟು ಮಣ್ಣು ಹಾಕ! ಸುತ್ತಮುತ್ತ ಕನ್ನಡದ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ನಾಲಿಗೆ ತನ್ನ ಅಭ್ಯಾಸ ಬಿಡಲಿಲ್ಲ.

"ಹಾಗಾದರೆ ಎರೆಸೋಸ್ ನಿಮಗೆ ಮುಜುಗರವಾದೀತು. ಸೆಪ್ಟೆಂಬರಿನಲ್ಲಿ ಅಲ್ಲಿ ಹೆಂಗಸರ ಜೋಡಿಗಳೇ ಹೆಚ್ಚು. ಮಕ್ಕಳುಮರಿ ಬರುವ ಬೇರೆ ತೀರ ಇದೆ. ಎರಡು ಮಂಚದ ಕೋಣೆ ಹಾಕುತ್ತೇನೆ," ಎಂದಳು ಎಲೇನಿ ಅಕ್ಕರೆಯಿಂದ. ಆಗಲಾದರೂ ತಿದ್ದಬೇಕಿತ್ತು. ದಾಕ್ಷಿಣ್ಯಕ್ಕೆ ಬಸುರಾದವರ ಹಾಗೆ ನಾನು "ಥ್ಯಾಂಕ್ಯೂ" ಎಂದು ಬುಕಿಂಗಿನ ಕಾಗದ ತೆಗೆದುಕೊಂಡು ಹೊರಬಂದೆ.

ಪಕ್ಕದ ಬೇಕರಿಯಲ್ಲಿ ಪಾಲಕ್ ತುಂಬಿದ ಪಫ್ಸ್ ಕೊಂಡೆ. ವಿಜಯ ಮುಟ್ಟಲಿಲ್ಲ.

"ಕನ್ನಡ ಸಂಘದಾಗ ಅಕ್ಕ ಅಂದಿ, ಸುಮ್ಮನಿದ್ದೆ. ನಿಮ್ಮ ದೊಡ್ಡಮ್ಮನ ಮನ್ಯಾಗ ಅಂದಿ, ಸುಮ್ಮನಿದ್ದೆ. ಈಕಿಗೇನು ಅಂಜಿಕಿ ನಿನಗ? ನಿನ್ನ ಅಕ್ಕ ಆಗಿ ನಾ ಎಲ್ಲಿಗೂ ಬರಂಗಿಲ್ಲ. ನೀ ಒಬ್ಬಾಕೀನ ಹೋಗಿ ಬಾ."

ಅವಳ ಕಣ್ಣು ತುಂಬಿತ್ತು. ಇವಳು ಗ್ರೀಸಿನ ಮಾತನ್ನಷ್ಟೇ ಆಡುತ್ತಿಲ್ಲ ಎಂದು ನನಗೆ ಅರ್ಥವಾಯಿತು. ಕೋಟಿನ ಗುಂಡಿಯನ್ನೂ ಹಾಕದೆ ಏಜೆನ್ಸಿಗೆ ಓಡಿದೆ.

"ನಾನು ಸುಳ್ಳು ಹೇಳಿದೆ. ನಾವು ಅಕ್ಕತಂಗಿ ಅಲ್ಲ, ಜೋಡಿ. ನಮಗೆ ಎರೆಸೋಸೇ ಬೇಕು, ಒಂದೇ ಮಂಚ ಬೇಕು!" ಎಂದು ಒಂದೇ ಉಸಿರಿಗೆ ಹೇಳಿದೆ. ಎಲೇನಿ ಮೇಜು ತಟ್ಟಿ ತಟ್ಟಿ ನಕ್ಕು, ಹೊಸ ಕಾಗದ ತೆಗೆದುಕೊಟ್ಟಳು. ತಿರುಗಿದರೆ ಬಾಗಿಲಲ್ಲಿ ವಿಜಯ ಪಫ್ಸ್ ತಿನ್ನುತ್ತ ನಿಂತಿದ್ದಳು. ನನ್ನ ಪಾಲಿನದೂ ಅರ್ಧ ಮುಗಿದಿತ್ತು.

ಅಲ್ಲಿಂದ ಸಬ್‌ವೇ ಹಿಡಿದು ಫಿಂಚ್ ತನಕ, ಮತ್ತೆ ಬಸ್ಸಿನಲ್ಲಿ ಥಾರ್ನ್‌ಹಿಲ್ಲಿಗೆ. ಟೊರಾಂಟೊದ ಗಡಿಯಾದ ಸ್ಟೀಲ್ಸ್ ರಸ್ತೆ ದಾಟಿದರೆ ಬಸ್ಸಿಗೆ ಬೇರೆ ಟಿಕೆಟ್. ಥಾರ್ನ್‌ಹಿಲ್ಲಿನಲ್ಲಿರುವುದು ನನ್ನ ದೊಡ್ಡಮ್ಮ, ನಿವೃತ್ತ ಡಾಕ್ಟರು. ದೂರ ಪ್ರಯಾಣದ ಟಿಕೆಟ್ಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುವುದು ನಮ್ಮ ಮನೆಯ ರೂಢಿ, ಇಲ್ಲಿ ಅದು ದೊಡ್ಡಮ್ಮನ ಕೆಲಸ. ಅವರು ಬಾಳೆಹಣ್ಣಿನ ಬಿಸಿ ಬನ್ಸ್ ಕರಿದಿಟ್ಟಿದ್ದರು. ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿಂದ ಕೆಳಗೆ ಓದಿದರು.

"ಎಂತ ಮಾರಾಯ್ತಿ ಇದು, ಇಬ್ಬರಿಗೆ ಒಂದೇ ಮಂಚ ಬರ್ದಿದ್ದಾರಲ್ಲ! ತಪ್ಪುಂಟು. ಈಗಲೇ ಫೋನ್ ಮಾಡಿ ಸರಿ ಮಾಡ್ಸು," ಎಂದು ಫೋನನ್ನು ನನ್ನ ಕೈಗೇ ಕೊಟ್ಟರು.

ವಿಜಯ ತಟ್ಟೆ ನೋಡುತ್ತ ಕೂತಿದ್ದಳು. ನಾನು ಫೋನನ್ನು ಕೆಳಗಿಟ್ಟೆ.

"ತಪ್ಪಿಲ್ಲ ದೊಡ್ಡಮ್ಮ. ಮೊದಲು ತಪ್ಪಿತ್ತು, ನಾನೇ ಹೋಗಿ ಸರಿ ಮಾಡ್ಸಿದ್ದು. ವಿಜಯ ನನ್ನ ಅಕ್ಕ ಅಲ್ಲ. ಆರು ವರ್ಷದಿಂದ ನಾವು ಗಂಡಹೆಂಡತಿ ಇದ್ದ ಹಾಗೆಯೇ ಇರುದು."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ನನ್ನನ್ನು ನೋಡಿದರು, ವಿಜಯಳನ್ನು ಬಹಳ ಹೊತ್ತು ನೋಡಿದರು.

"ಇಲ್ಲಿ ಉಳಿದಾಗೆಲ್ಲ ಇವಳಿಗೆ ಬೇಸ್‌ಮೆಂಟಲ್ಲಿ ಹಾಸಿಗೆ ಹಾಕಿದ್ದೇನಲ್ಲ ನಾನು! ಆ ಚಳಿಯಲ್ಲಿ! ಒಂದು ಮಾತು ಹೇಳ್ಲಿಕ್ಕೆ ಎಂತ ಧಾಡಿ ಆಗಿತ್ತು ನಿಂಗೆ?"

ಸಿಟ್ಟು ನಿಜವಾದದ್ದೇ. ವಿಜಯ ನಗಲು ಹೋಗಿ ಅತ್ತಳು. ದೊಡ್ಡಮ್ಮ ಅವಳ ತಟ್ಟೆಗೆ ಇನ್ನೊಂದು ಬನ್ಸ್ ಹಾಕಿ, "ನಂಗೆ ಅಭ್ಯಾಸ ಆಗ್ಲಿಕ್ಕೆ ಸ್ವಲ್ಪ ಟೈಮ್ ಬೇಕು. ನೀನು ತಿನ್ನು," ಎಂದರು. ಕಾಗದ ದೇವರ ಮುಂದೆ ಹೋಯಿತು, ಮೂಲೆಗೆ ಕುಂಕುಮ ಬಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಾಳೆ ಸಂಘದಲ್ಲಿ ಯಾರಾದ್ರೂ ಕೇಳಿದ್ರೆ ಎಂತ ಹೇಳುದು ನಾನು?" ಎಂದರು.

ವಿಜಯ ನನ್ನ ಮುಖ ನೋಡಿದಳು. "ಇದ್ದದ್ದು ಇದ್ದ ಹಾಗೆ ಹೇಳಿ ದೊಡ್ಡಮ್ಮ," ಎಂದೆ. ಎಷ್ಟು ಹಗುರಾಯಿತೆಂದರೆ ಮೆಟ್ಟಿಲ ಮೇಲಿನ ಹಿಮದಲ್ಲಿ ಜಾರಿ ಬಿದ್ದೂ ನಗುತ್ತಿದ್ದೆ.

ಬಸ್ ಸ್ಟಾಪಿನಿಂದ ತಿರುಗಿ ನೋಡಿದರೆ ದೊಡ್ಡಮ್ಮ ಕಿಟಕಿಯಲ್ಲಿ ಕೈಯಾಡಿಸುತ್ತ ಯಾರಿಗೋ ಹೇಳತೊಡಗಿದ್ದರು. ಫೋನು ಆಗಲೇ ಕಿವಿಯಲ್ಲಿತ್ತು. ನಾಳೆಯವರೆಗೆ ಕಾಯುವ ಜಾಯಮಾನ ಅವರದಲ್ಲ.

"ಮುಗೀತು," ಎಂದಳು ವಿಜಯ. "ನಾವು ಮಿಲ್ಟನ್ ಮುಟ್ಟೂದ್ರಾಗ ಎಲ್ಲಾರಿಗೂ ಗೊತ್ತಾಗಿರತದ."

"ಗೊತ್ತಾಗ್ಲಿ ವಿಜಯ," ಎಂದೆ.