ಬೆಲ್ಲದ ಗಡಿಗೆ ದಾಟಿದ ಇರುವೆಗಳು

ಇವತ್ತು ಬೆಳಿಗ್ಗೆ ನಮ್ಮ ಮನೆಯ ಇರುವೆಗಳು ಅಡುಗೆಮನೆಯ ಬೆಲ್ಲದ ಗಡಿಗೆಯನ್ನು ತಿರುಗಿಯೂ ನೋಡದೆ, ಅದರ ಮಗ್ಗುಲಲ್ಲೇ ಸಾಲು ಕಟ್ಟಿಕೊಂಡು ಬಚ್ಚಲಿನ ಕಡೆಗೆ ಹೊರಟಿದ್ದವು. ಇರುವೆಗಳಿಗೆ ಬುದ್ಧಿ ಕೆಟ್ಟಿತೆ ಎಂದು ನೀವು ಕೇಳಬಹುದು. ಇರುವೆಗೆ ಬುದ್ಧಿ ಕೆಡುವುದಿಲ್ಲ, ಅದೆಲ್ಲ ನಮ್ಮ ಪಾಲಿನದು. ನಾನು ಆಗಷ್ಟೇ ಬಚ್ಚಲಿನಿಂದ ಎದ್ದು ಬಂದಿದ್ದೆ. ಆ ಮೆರವಣಿಗೆ ಯಾರ ಸಲುವಾಗಿ ಹೊರಟಿದೆ ಎಂದು ತಿಳಿಯುವುದಕ್ಕೆ ಪಂಚಾಂಗ ನೋಡಬೇಕಾಗಿರಲಿಲ್ಲ. ಎರಡು ಚೊಂಬು ನೀರು ಸುರಿದು ಅವುಗಳನ್ನು ಚರಂಡಿಗೆ ಕಳಿಸಿ, ಏನೂ ಆಗಿಲ್ಲವೆಂಬಂತೆ ನಡುಮನೆಗೆ ಬಂದು ಕೂತೆ.

ಕೂತ ಹೊತ್ತಿಗೆ ಸರಿಯಾಗಿ ಸೊಸೆ ಆಲೆಮನೆಯಿಂದ ಬಂದಳು. ಕೈಯಲ್ಲಿ ಬಾಳೆಎಲೆಯ ಚೂರು, ಅದರ ಮೇಲೆ ಈ ವರ್ಷ ಅರೆದ ಕಬ್ಬಿನ ಮೊದಲ ಕೊಪ್ಪರಿಗೆಯ ಬಿಸಿ ಬೆಲ್ಲ. ಅದನ್ನು ನಾನು ನಾಲಗೆಯ ಮೇಲಿಟ್ಟು ಹದ ಹೇಳಿದ ಮೇಲೆಯೇ ಎರಡನೆಯ ಕೊಪ್ಪರಿಗೆ ಒಲೆಯಿಂದ ಇಳಿಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. "ಆರಲಿ, ಮಡಗೋಗು" ಎಂದೆ. ಅವಳು ಕಂಬದ ಬುಡದಲ್ಲಿಟ್ಟು ಹಿತ್ತಿಲಿಗೆ ಹೋದಳು. ಬೆಲ್ಲ ಆರುತ್ತಾ ಇರಲಿ. ಇಂಥ ಮೆರವಣಿಗೆಯನ್ನು ನಾನು ಇದೇ ಮನೆಯಲ್ಲಿ ಹಿಂದೊಮ್ಮೆ ಕಂಡಿದ್ದೆ. ಆಗ ನಾನು ಹೊಸ ಸೊಸೆ. ಇರುವೆಗಳು ಹೊರಟಿದ್ದು ನನ್ನ ಮಾವನವರ ಹಿಂದೆ.

ಮಾವನವರ ಹೆಸರು ಗುರುಮಲ್ಲಪ್ಪ. ನರಸೀಪುರದ ಸುತ್ತ, ಹೊಳೆಯ ಎರಡು ದಂಡೆಯಲ್ಲೂ ಅವರ ನಾಲಗೆಗೆ ಹೆಸರಿತ್ತು. ಪಾಕ ಕುದಿಯುವಾಗ ಎಲ್ಲರೂ ನೀರಿಗೆ ಒಂದು ತೊಟ್ಟು ಬಿಟ್ಟು ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಮಾವ ಅದನ್ನೂ ನೋಡಿ, ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ಒಲೆಗೆ ಕಬ್ಬಿನ ಸಿಪ್ಪೆ ತುರುಕುವವನು ಕೈ ತಡೆದು ನಿಲ್ಲುತ್ತಿದ್ದ. ಗಾಣದ ಎತ್ತುಗಳು ಮಾತ್ರ ಇದಕ್ಕೆಲ್ಲ ಬೆಲೆ ಕೊಡದೆ ಸುತ್ತುತ್ತಿದ್ದವು. ಕಣ್ಣು ತೆರೆದು "ಇಳಿಸ್ರಲಾ" ಎಂದರೆ ಮುಗಿಯಿತು, ಇಳಿಸಬೇಕು.

ಆಲೆಮನೆಯ ದಾರಿಯಲ್ಲಿ ಹೋಗುವವರನ್ನು ಬರಿಬಾಯಲ್ಲಿ ಕಳಿಸಬಾರದು ಎಂಬುದು ನಮ್ಮ ಕಡೆಯ ನಡವಳಿಕೆ. ತಲಕಾಡಿಗೆ ಹೊರಟವರು, ಸಂತೆಗೆ ಹೊರಟವರು, ಸುಮ್ಮನೆ ವಾಸನೆ ಹಿಡಿದು ಬಂದವರು, ಎಲ್ಲರಿಗೂ ಒಂದು ಚೊಂಬು ಹಾಲು, ಒಂದು ಮುದ್ದೆ ಬಿಸಿ ಬೆಲ್ಲ. ಹಾಲು ಎಂದರೆ ಕಬ್ಬಿನ ಹಾಲು. ಬಂದವರಿಗೆ ಸಂಕೋಚವಾಗಬಾರದೆಂದು ಮಾವ ತಾವೂ ಜೊತೆಗೆ ತಿನ್ನುತ್ತಿದ್ದರು. ಬರುವವರು ಬಹಳ. ಅವರ ಸಂಕೋಚದ ಬಗ್ಗೆ ಮಾವನಿಗಿದ್ದ ಚಿಂತೆ ಇನ್ನೂ ಬಹಳ.

ಆಗ ಸೊಸೆ ಮಾವನೊಡನೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಹೇಳಲೇಬೇಕಾದ್ದಿದ್ದರೆ ನಡುಮನೆಯ ಕಂಬಕ್ಕೆ ಹೇಳಬೇಕು. ಮಾವ ಅಲ್ಲೇ ಕೂತು ಕೇಳಿಸಿಕೊಂಡು, ಉತ್ತರವನ್ನು ಅತ್ತೆಗೆ ಹೇಳಬೇಕು. ನಾನು ಹುಲ್ಲಹಳ್ಳಿಯವಳು. ಕೂಲಿಮಠದಲ್ಲಿ ಮರಳಿನ ಮೇಲೆ ನಾಲ್ಕಕ್ಷರ ತಿದ್ದಿದ್ದೇ ನನ್ನ ಓದು, ಬಾಯಿಯನ್ನು ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದ. ನನ್ನಿಂದ ಅಷ್ಟೆಲ್ಲ ಕೇಳಿಸಿಕೊಂಡೂ ಆ ಕಂಬ ಬಿರುಕು ಬಿಡದೆ ನಿಂತಿರುವುದು ಮರದ ದೊಡ್ಡತನ.

ಆ ವರ್ಷ ಮಾವ ಕೊಡಗಟ್ಟಲೆ ನೀರು ಕುಡಿಯತೊಡಗಿದರು. ಕುಡಿದದ್ದೆಲ್ಲ ನಿಲ್ಲಬೇಕಲ್ಲ, ನಿಲ್ಲಲಿಲ್ಲ. ಉಣ್ಣುವುದು ಹೆಚ್ಚಾಯಿತು, ಮೈ ಕಡಿಮೆಯಾಯಿತು. ಇದರ ಮೇಲೆ ಗದ್ದೆಯಲ್ಲಿ ಕಡಿದುಳಿದ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿದ ಗಾಯ, ಏನು ಹಚ್ಚಿದರೂ ಮಾಯದೆ ಬಾಯಿ ಬಿಟ್ಟುಕೊಂಡೇ ಇತ್ತು. ಅತ್ತೆಗೆ ಎಲ್ಲಕ್ಕೂ ಒಂದೇ ಕಾರಣ, ಉಷ್ಣ. ಉಷ್ಣಕ್ಕೆ ಒಂದೇ ಮದ್ದು, ಬೆಲ್ಲದ ಪಾನಕ. ಬಚ್ಚಲಿಗೆ ಇರುವೆ ಸಾಲಿಟ್ಟಾಗ ಅತ್ತೆ ಕೈಮುಗಿದರು. "ಕರಿ ಇರುವೆ ಬಂದ್ರೆ ಸಿರಿ ಬತ್ತದೆ ಕಣವ್ವ." ನಾನು ಕಂಬಕ್ಕೆ ಹೇಳಿದೆ, "ಸಿರಿ ಬರೋದಾದ್ರೆ ಬಾಗ್ಲಲ್ಲಿ ಬರಲಿ, ಬಚ್ಚಲಲ್ಲಿ ಯಾಕ್ ಬತ್ತದೆ?"

ನರಸೀಪುರದ ಪಂಡಿತರು ನಾಡಿ ಹಿಡಿದು, ಇರುವೆಯ ವಿಷಯ ಕೇಳಿ, ಇದು ಸಿಹಿಮೂತ್ರ, ಬೆಲ್ಲ ಬಿಡಬೇಕು ಎಂದರು. ಮಾವ ಚೂರ್ಣ ತಂದರು, ಬೆಲ್ಲ ಬಿಡಲಿಲ್ಲ. "ಬೆಲ್ಲ ಬುಡು ಅನ್ನೋನು ಪಂಡಿತ ಅಲ್ಲ ಕಣಮ್ಮಿ, ಉಪ್ಪಿನ ಯಾಪಾರಿ" ಎಂದು ಅತ್ತೆಗೆ ಹೇಳಿ, ಚೂರ್ಣವನ್ನು ಬೆಲ್ಲದಲ್ಲಿ ಕಲಸಿ ನುಂಗಿದರು.

ಕೊನೆಗೆ ಅತ್ತೆ ನಂಜುಂಡೇಶ್ವರನಿಗೆ ಹರಕೆ ಹೊತ್ತರು. ಕಾಲು ವಾಸಿಯಾದರೆ ಯಜಮಾನರ ತೂಕದಷ್ಟು ಬೆಲ್ಲದ ತುಲಾಭಾರ. ಆಮೇಲೆ ಅವರೇ ಯೋಚಿಸಿ, ಮೊದಲೇ ಒಪ್ಪಿಸಿಬಿಟ್ಟರೆ ದೇವರಿಗೂ ದಾಕ್ಷಿಣ್ಯವಿರುತ್ತದೆ ಎಂದರು. ಸಕ್ಕರೆಯ ರೋಗಕ್ಕೆ ಬೆಲ್ಲದ ಹರಕೆ! ವಿಷ ಕುಡಿದು ಅರಗಿಸಿಕೊಂಡ ದೇವರಿಗೆ ಬೆಲ್ಲ ಯಾವ ಲೆಕ್ಕ? ಅರಗದೆ ಇದ್ದದ್ದು ನಮ್ಮ ಮಾವನಿಗೆ. ಗಂಡ ಆಲೆಮನೆ ಬಿಟ್ಟು ಬರುವಂತಿರಲಿಲ್ಲ, ಹಾಗಾಗಿ ಕೈಕಾಲಿಗೆ ಆಗಲೆಂದು ನನ್ನನ್ನು ಗಾಡಿ ಹತ್ತಿಸಿಕೊಂಡರು.

ನಂಜನಗೂಡಿನಲ್ಲಿ ಆ ತಕ್ಕಡಿಗೆ ಮಾವ ಹೊಸಬರಲ್ಲ. ನನ್ನ ಗಂಡ ಹುಟ್ಟಿದ ಸಂತೋಷಕ್ಕೆ ಹಿಂದೊಮ್ಮೆ ಅದರಲ್ಲೇ ಕೂತಿದ್ದರಂತೆ. ಆಗ ಹಿಡಿದಷ್ಟು ಬೆಲ್ಲವನ್ನೇ ಅತ್ತೆ ಈಗಲೂ ಗಾಡಿಗೆ ಹೇರಿಸಿದ್ದರು. ಮಾವ ಒಂದು ತಟ್ಟೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಇನ್ನೊಂದು ತಟ್ಟೆಗೆ ಅಚ್ಚು ಪೇರಿಸುತ್ತಾ ಹೋದಂತೆ, ಬೆಲ್ಲ ಅರ್ಧ ಮುಗಿಯುವುದರೊಳಗೆ ಮಾವ ತಟ್ಟೆಯ ಸಮೇತ ಮೇಲೆದ್ದುಬಿಟ್ಟರು. ಉಳಿದದ್ದು ಗಾಡಿಯಲ್ಲೇ ಉಳಿಯಿತು.

ಅತ್ತೆಗೆ ಕಣ್ಣು ತುಂಬಿ ಬಂತು. "ದೇವ್ರು ದೊಡ್ಡೋನು ಕಣವ್ವ, ಅರ್ಧಕ್ಕೇ ಒಪ್ಕಂಡ."

"ದೇವ್ರು ಒಪ್ಕಳ್ನಿಲ್ಲ ಅತ್ತೆ, ಮಾವ ಅರ್ಧ ಆಗವ್ರೆ" ಎಂದೆ.

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಾವ ತಟ್ಟೆಯಿಂದ ಇಳಿದವರು ಗಾಡಿಯಲ್ಲಿ ಉಳಿದ ಬೆಲ್ಲವನ್ನೇ ನೋಡುತ್ತಾ ನಿಂತರು. ಅಷ್ಟೂ ತಾವೇ, ಮೈಯಿಂದ ಎಲ್ಲೋ ಕರಗಿಹೋದ ತಾವು. ಅರ್ಚಕರು ಪ್ರಸಾದವೆಂದು ಒಂದು ಚೂರು ಬೆಲ್ಲ ಅವರ ಅಂಗೈಗಿಟ್ಟರು. ಪ್ರಸಾದವನ್ನು ಬೇಡವೆನ್ನುವಂತಿಲ್ಲ. ಮಾವ ಅದನ್ನು ಕಣ್ಣಿಗೊತ್ತಿಕೊಂಡರು, ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ಅವಕಾಶ ನೋಡಿ ಪಕ್ಕದ ಕಂಬಕ್ಕೆ ತಿರುಗಿದೆ. ಆ ದೇವಸ್ಥಾನದಲ್ಲಿ ಕಂಬಗಳಿಗೆ ಬರವಿಲ್ಲ. "ಮೈಸೂರಲ್ಲಿ ಈ ರೋಗಕ್ಕೇ ಅಂತ ಓದ್ಕಂಡ ಡಾಕ್ಟ್ರು ಒಬ್ರು ಅವ್ರೆ. ನಮ್ ಚಿಕ್ಕಪ್ಪನ್ನ ನೋಡ್ದೋರು. ರೈಲು ಇಲ್ಲಿಂದ್ಲೇ ಓಯ್ತದೆ."

"ದೇವರ ಮುಂದೆ ನಿಂತ್ಕಂಡು ಡಾಕ್ಟ್ರ ಎಸ್ರು ಎತ್ತೀಯಲ್ಲೇ" ಎಂದರು ಅತ್ತೆ.

ಮಾವ ಅಂಗವಸ್ತ್ರ ಕೊಡವಿದರು. "ಸುಮ್ನಿರಮ್ಮಿ. ರೈಲ್ ನೋಡ್ದಂಗೂ ಆಯ್ತದೆ."

ಮೈಸೂರಿನ ಆ ಡಾಕ್ಟರು ಸಣ್ಣಗೆ, ಕೋಟು ಹಾಕಿಕೊಂಡು, ನಗದೆ ತಮಾಷೆ ಮಾಡುವವರು. ಮಾವನ ಮೂತ್ರ ತರಿಸಿ, ಗಾಜಿನ ಕೊಳವೆಯಲ್ಲಿ ನೀಲಿ ನೀರಿಗೆ ನಾಲ್ಕು ತೊಟ್ಟು ಬಿಟ್ಟು, ದೀಪದ ಉರಿಗೆ ಹಿಡಿದರು. ಮಾವ ಅಲ್ಲಿಯವರೆಗೆ ಮೂಲೆ ನೋಡುತ್ತಾ ಕೂತಿದ್ದರು. ಏನೋ ಕುದಿಯುತ್ತಿದೆ ಎಂದು ಗೊತ್ತಾದದ್ದೇ ತಡ, ಎದ್ದು ಬಂದು ಬಗ್ಗಿ ನಿಂತರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ನೋಡುನೋಡುತ್ತಾ ಇಟ್ಟಿಗೆಯ ಕೆಂಪಿಗೆ ತಿರುಗಿತು.

"ಹದ ಬಂತು ಸ್ವಾಮಿ, ಇಳಿಸಿ" ಎಂದರು ಮಾವ.

ಡಾಕ್ಟರು ಇಳಿಸಿದರು. "ಹದ ಮೀರಿದೆ ಯಜಮಾನರೆ. ಇದು ನಿಮ್ಮ ಮೈಯಿಂದ ಬಂದ ಸಕ್ಕರೆ."

ಆಮೇಲೆ ಅವರು ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದರು. ಹೊಟ್ಟೆಯೊಳಗೆ, ಜಠರದ ಹಿಂದೆ, ನಾಲಗೆಯ ಹಾಗೆ ಉದ್ದಕ್ಕೆ ಒಂದು ಅಂಗವಿದೆ. ತಿಂದ ಸಕ್ಕರೆಯನ್ನು ಮೈಗೆ ಹತ್ತಿಸುವುದು ಅದರ ಕೆಲಸ. ಅದು ಸೋತರೆ ಸಕ್ಕರೆ ಮೈಗೆ ಹತ್ತದೆ ರಕ್ತದಲ್ಲಿ ಅಲೆದು ಮೂತ್ರದಲ್ಲಿ ಹೋಗುತ್ತದೆ. ಅದಕ್ಕೇ ಬಾಯಾರಿಕೆ, ಅದಕ್ಕೇ ಮೈ ಇಳಿಯುವುದು, ಅದಕ್ಕೇ ಗಾಯ ಮಾಯದಿರುವುದು. ಅಂಟುರೋಗವಲ್ಲ, ದೃಷ್ಟಿಯಲ್ಲ, ಉಷ್ಣವಲ್ಲ. ಇದನ್ನು ಬೇರುಸಹಿತ ಕಿತ್ತುಹಾಕುವ ಮದ್ದು ತಮ್ಮ ಹತ್ತಿರ ಇಲ್ಲ, ಹದ್ದುಬಸ್ತಿನಲ್ಲಿ ಇಡುವ ದಾರಿ ಇದೆ. ಬೆಲ್ಲ ಇಲ್ಲ, ಅನ್ನ ಇಲ್ಲ, ರಸಬಾಳೆ ಇಲ್ಲ. ರಾಗಿ ಅಳತೆಯಲ್ಲಿ, ಸೊಪ್ಪು ಧಾರಾಳ, ಮಜ್ಜಿಗೆ, ಹುರುಳಿ. ಕಾಲನ್ನು ದಿನಾ ತೊಳೆದು ಮದ್ದು ಕಟ್ಟಬೇಕು.

"ಮಾತು ಕೇಳಿದರೆ ಈ ಕಾಲು ನಿಮ್ಮದು" ಎಂದರು. "ಕೇಳದಿದ್ದರೆ ಕತ್ತರಿಸಿ ನಾನೇ ಇಟ್ಟುಕೊಳ್ಳಬೇಕಾಗುತ್ತೆ. ನನಗೆ ಈಗಾಗಲೇ ಎರಡಿವೆ."

ಊರಿಗೆ ಬಂದ ಮೇಲೆ ಮಾವ ಎಲ್ಲವನ್ನೂ ಬಿಟ್ಟರು. ಎಲ್ಲರ ಕಣ್ಣೆದುರು ಬಿಟ್ಟರು ಎನ್ನಬೇಕು. ಆಲೆಮನೆಗೆ ಹೋಗಿ ಬರುವುದು ನಿಲ್ಲಲಿಲ್ಲ, ಗಾಯ ಒಣಗಲಿಲ್ಲ. ಸುತ್ತಲಿನ ಚರ್ಮ ಕಪ್ಪಾಗುತ್ತಾ ಬಂದಾಗ ನನ್ನ ಗಂಡ ಊಟ ಬಿಟ್ಟು ಎದ್ದುಹೋದ. ಒಂದು ದಿನ ಮಾವ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಾರೆ, ಗೋಡೆಯ ಮೇಲಿಂದ ಇರುವೆಯ ಸಾಲು ಇಳಿದು ಅವರ ಭುಜಕ್ಕೆ ಬಂದು, ಅಲ್ಲಿಂದ ಕಿವಿಯ ಪಕ್ಕ ಹತ್ತಿ ರುಮಾಲಿನ ಮಡಿಕೆಯೊಳಕ್ಕೆ ಹೋಗುತ್ತಿದೆ. ಮಾವನಿಗೆ ಕಚಗುಳಿಯಾಗುತ್ತಿತ್ತು, ಕೆರೆದುಕೊಳ್ಳುವಂತಿರಲಿಲ್ಲ. ಕಂಬ ದೂರವಿತ್ತು. ನನಗೆ ತಡೆಯಲಿಲ್ಲ.

"ಮಾವ, ರುಮಾಲ್ಗೂ ಸಿಹಿಮೂತ್ರ ಬಂದದಾ?"

ಅತ್ತೆಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಸೊಸೆ ಮಾವನ ಮುಖ ನೋಡಿ ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಮಾವ ನಿಧಾನವಾಗಿ ರುಮಾಲು ಬಿಚ್ಚಿ, ಮಡಿಕೆಯಿಂದ ಬೆಲ್ಲದ ಉಂಡೆ ತೆಗೆದು ನೆಲದ ಮೇಲಿಟ್ಟರು. ಅವರೂ ಅತ್ತೆಯ ಕಡೆ ತಿರುಗಲಿಲ್ಲ, ನನಗೇ ಹೇಳಿದರು.

"ನಾಲ್ಗೆ ಬುಟ್ಟು ಆಲೆಮನೇಲಿ ನಾನ್ಯಾರವ್ವ?"

"ಕಾಲ್ ಬುಟ್ಟು ಆಲೆಮನೆಗೆ ಎಂಗ್ ಓದೀರಿ?"

ಮಾವ ರುಮಾಲಿನ ಇರುವೆ ಕೊಡವಿ ಮತ್ತೆ ಸುತ್ತಿಕೊಂಡರು. ಆಮೇಲೆ, "ನಾಳೆ ನೀನೂ ಬಾ" ಎಂದರು.

ಹೀಗೆ ನಾನು ಆಲೆಮನೆಗೆ ಹೋದೆ. ಪಾಕದ ಉಂಡೆ ನನ್ನ ಬಾಯಿಗೆ, ಕಣ್ಣು ಮುಚ್ಚುವುದು ಮಾವನದು. "ಏನ್ ಅನ್ನಿಸ್ತು?" "ಹಲ್ಗೆ ಅಂಟ್ತದೆ." "ಇನ್ನೂ ಕುದೀಲಿ. ಈಗ?" "ಅಂಚು ವಸಿ ಕಹಿ." "ಅಯ್ಯೋ, ಇಳಿಸ್ರಲಾ." ಗುರುಮಲ್ಲಪ್ಪ ಸೊಸೆಯ ಬಾಯಲ್ಲಿ ಬೆಲ್ಲ ತಿನ್ನುತ್ತಾನೆ ಎಂದು ಊರೆಲ್ಲ ನಕ್ಕಿತು. ನಗಲಿ. ದಾರಿಹೋಕರ ಜೊತೆ ಕೂತು ಮಾವ ಮಜ್ಜಿಗೆ ಕುಡಿಯುವುದನ್ನು ಕಲಿತರು, ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗೆ. ಗಾಯ ನಿಧಾನವಾಗಿ ಮುಚ್ಚಿತು. ಆಮೇಲೆ ಬಹಳ ವರ್ಷ ಬದುಕಿದರು, ತಪ್ಪದೆ ಮೈಸೂರಿಗೆ ಹೋಗಿ ಬರುತ್ತಿದ್ದರು, "ನಮ್ ಡಾಕ್ಟ್ರು" ಎಂದು ನೆಂಟರ ಹಾಗೆ ಹೇಳಿಕೊಳ್ಳುತ್ತಿದ್ದರು. ಪಾಠ ಹೇಳುವಾಗ ಅವರದು ಒಂದೇ ಮಾತು. "ವಸಿ ಬೇಗ ಇಳಿಸಿದ್ ಬೆಲ್ಲನ ತಿನ್ಬೋದು. ತಡ ಮಾಡಿ ಇಳಿಸಿದ್ದ ಎತ್ತೂ ಮೂಸಲ್ಲ."

ಆ ನಾಲಗೆ ನನಗೆ ಬಂತು. ಈಗ ನೋಡಿದರೆ ಇರುವೆಗಳೂ ಬಂದಿವೆ. ಮಾವನನ್ನು ಅಷ್ಟು ಆಡಿಕೊಂಡವಳು ಬೆಳಿಗ್ಗೆ ಚೊಂಬು ಹಿಡಿದು ಸುರಿದದ್ದೇನು? ಅವರು ರುಮಾಲಿನಲ್ಲಿ ಬಚ್ಚಿಟ್ಟರು, ನಾನು ಚರಂಡಿಯಲ್ಲಿ. ಈಗಂತೂ ಡಾಕ್ಟರು ಅಂದು ಹೇಳಿದ ಹೊಟ್ಟೆಯ ಆ ಒಳನಾಲಗೆಯನ್ನು ದನಕರುಗಳಿಂದ ತೆಗೆದು, ಅದರಿಂದಲೇ ಮಾಡಿದ ಸೂಜಿಮದ್ದು ಬಂದಿದೆಯಂತೆ. ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಅದು ನನಗೆ ಬೇಕೋ ಬೇಡವೋ ಹೇಳಬೇಕಾದವರು ಡಾಕ್ಟರು, ನಾನಲ್ಲ.

ಇಷ್ಟು ಹೇಳುವುದರೊಳಗೆ ಸೊಸೆ ಹಿತ್ತಿಲಿನಿಂದ ಬಂದಳು. ನನ್ನೊಡನೆ ಯಾವಾಗಲೂ ಮುಖಕ್ಕೆ ಮುಖ ಕೊಟ್ಟು ಮಾತಾಡುವವಳು, ಇವತ್ತು ಕಂಬದ ಕಡೆ ತಿರುಗಿ ನಿಂತಳು.

"ಯಾರೋ ದಿನಾ ಬಚ್ಚಲಿಗೆ ನೀರ್ ಸುರೀತಾವ್ರೆ. ಇರುವೆ ಏನ್ ಕುರುಡಾ, ಒಂದ್ ಗಳಿಗೇಲಿ ತಿರುಗಾ ಬತ್ತವೆ."

"ಕಂಬಕ್ಯಾಕೆ ಏಳ್ತೀಯೆ, ನನಗೇ ಏಳು" ಎಂದೆ.

ಅವಳು ತಿರುಗಿದಳು. ಕಣ್ಣು ಕೆಂಪಗಿತ್ತು. "ಮೈಸೂರಿಗೆ ಓಗನ ಅತ್ತೆ."

ಆರಿಹೋದ ಬೆಲ್ಲವನ್ನು ಎಲೆಯ ಸಮೇತ ಅವಳ ಕಡೆ ತಳ್ಳಿದೆ. "ಮೊದ್ಲು ಇದ ನಾಲ್ಗೆ ಮೇಲೆ ಮಡಗಿ ಎಂಗದೆ ಏಳು."

ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಾನು ಕಣ್ಣು ಮುಚ್ಚಿದೆ.

"ಕೊನೇಲಿ ವಸಿ ಕಹಿ ಬತ್ತದೆ" ಎಂದಳು.

"ಹಂಗಾದ್ರೆ ನಿನ್ ಗಂಡಂಗೆ ಏಳೋಗು. ಎರಡ್ನೇ ಕೊಪ್ಪರಿಗೆ ಬೇಗ ಇಳಿಸ್ಲಿ. ಇಳಿಸ್ಬುಟ್ಟು ಗಾಡಿ ಕಟ್ಲಿ."