ಸಂಪ್ ತೊಳೆದ ಭಾನುವಾರ

೨೦೧೪ರಲ್ಲಿ ನಾನು ಮೀನುಗಾರಿಕೆ ಇಲಾಖೆಯಲ್ಲಿ ಸಹಾಯಕ ನಿರ್ದೇಶಕನಾಗಿದ್ದೆ. ಬೆಂಗಳೂರು ಉತ್ತರದ ಕೆರೆಗಳಿಗೆ ಮೀನುಮರಿ ಬಿಡಿಸುವುದು, ಗುತ್ತಿಗೆದಾರರಿಗೆ ಸಲಹೆ ಕೊಡುವುದು, ಆಗಾಗ ನೀರು ಪರೀಕ್ಷಿಸುವುದು ನನ್ನ ಕೆಲಸ. ಮನೆ ಸಹಕಾರನಗರದಲ್ಲಿತ್ತು. ಪರೀಕ್ಷೆಯ ಕಿಟ್ ಯಾವಾಗಲೂ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತಿತ್ತು. ಅದನ್ನು ತೊಳೆದು, ಒರೆಸಿ, ಬಾಟಲಿಗಳನ್ನು ಭರ್ತಿ ಮಾಡಿ ಇಡದೆ ನಾನು ಊಟಕ್ಕೆ ಕೂರುತ್ತಿರಲಿಲ್ಲ.

ಅಮೃತಹಳ್ಳಿಯಿಂದಾಚೆ ಒಂದು ಚಿಕ್ಕ ಕೆರೆ. ಅದರ ಮೀನಿನ ಗುತ್ತಿಗೆ ಮುನಿರಾಜು ಎಂಬುವವರದ್ದು. ಅದೇ ಹಳ್ಳಿಯ ಹಳೆಯ ಮನೆತನ. ಅವರ ಕೆರೆಯಲ್ಲಿ ಎರಡು ವರ್ಷ ಸತತವಾಗಿ ಯುಗಾದಿಯ ಹಿಂದೆಮುಂದೆ ಮೀನು ಸತ್ತಿದ್ದವು. ಎರಡು ಸಲವೂ ಅವರು ಬಾಟಲಿಯಲ್ಲಿ ನೀರು ಹಿಡಿದು ತಂದದ್ದು ಹಬ್ಬದ ರಜೆ ಕಳೆದ ಮೇಲೆ. ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಆದರೆ ಮುನಿರಾಜು ಮನಸ್ಸಿನಲ್ಲಿ ತೀರ್ಪು ಆಗಲೇ ಆಗಿಹೋಗಿತ್ತು.

"ಯುಗಾದಿ ನೋಡ್ಕಂಡೇ ವಿಷ ಆಕ್ತಾನೆ ಸಾರ್ ಅವ್ನು."

"ಅವನು ಅಂದ್ರೆ?"

"ಇನ್ಯಾರು, ನಮ್ ದೊಡ್ಡಪ್ಪನ ಮಗ ನಂಜಪ್ಪ. ಗುತ್ತಿಗೆ ನನ್ಗೆ ಸಿಕ್ತಲ್ಲ, ಒಟ್ಟೆ ಉರಿ. ಈ ಸಲ ಮೀನ್ ಸತ್ರೆ ಸೀದಾ ಸ್ಟೇಷನ್ನೇ."

ನಂಜಪ್ಪನ ಮನೆ, ಹಸುವಿನ ಕೊಟ್ಟಿಗೆ ಎರಡೂ ಕೆರೆ ಏರಿಯ ಪಕ್ಕದಲ್ಲೇ ಇದ್ದವು. ಆ ಕೆರೆಯ ದೊಡ್ಡ ಎಳೆಬಲೆಯನ್ನು ಒಂದು ತುದಿಯಲ್ಲಿ ಒಂದು ಮನೆಯವರು, ಇನ್ನೊಂದು ತುದಿಯಲ್ಲಿ ಇನ್ನೊಂದು ಮನೆಯವರು ಹಿಡಿದು ಎಳೆಯುವುದು ತಾತನ ಕಾಲದಿಂದ ಬಂದ ಪದ್ಧತಿ. ಈ ಎರಡು ಮನೆಯವರು ಮಾತು ಬಿಟ್ಟ ಮೇಲೆ ಆ ಬಲೆ ಮುನಿರಾಜು ಮನೆಯ ಅಟ್ಟ ಸೇರಿತ್ತು. ಕೂಲಿಯವರನ್ನು ಕರೆದು ಸಣ್ಣ ಬಲೆಗಳಲ್ಲೇ ಮೀನು ಹಿಡಿಸುತ್ತಿದ್ದರು. ದೂರು ದಾಖಲಾದರೆ ಆ ಎರಡು ಮನೆಗಳು ಮತ್ತೆ ಸೇರುವುದಿಲ್ಲ ಎಂಬುದು ನನಗೆ ಖಚಿತವಾಗಿತ್ತು.

ಯುಗಾದಿಗೆ ಮುಂಚಿನ ಭಾನುವಾರ ಮಧ್ಯಾಹ್ನ ಮುನಿರಾಜು ಫೋನ್ ಮಾಡಿದರು. "ತೇಲ್ತಾ ಅವೆ ಸಾರ್! ಈಗ್ಲೇ ಬನ್ನಿ!"

ನಾನು ಹೋಗುವಷ್ಟರಲ್ಲಿ ಏರಿಯ ಮೇಲೆ ಕೂಗಾಟ ಶುರುವಾಗಿತ್ತು. ಕೊಟ್ಟಿಗೆಯ ಮುಂದೆ ಪೊರಕೆ ಹಿಡಿದು ನಿಂತಿದ್ದ ನಂಜಪ್ಪ, "ಬೆಳಗ್ಗಿಂದ ಅಸು ಮೈ ತೊಳೀತಾ ಇವ್ನಿ ಕಣೋ! ನಿನ್ ಮೀನಿಗ್ ವಿಷ ಆಕಕ್ಕೆ ನನ್ಗೇನ್ ಬಿಡುವೈತಾ?" ಎನ್ನುತ್ತಿದ್ದರು.

"ಜಗಳ ಆಮೇಲೆ. ಮೊದಲು ನೀರು" ಎಂದು ನಾನು ಕೆರೆಗಿಳಿದೆ.

ಬೇಸಿಗೆಯಲ್ಲಿ ಮೀನು ಸಾಯುವುದು ಸಾಮಾನ್ಯವಾಗಿ ಆಮ್ಲಜನಕದ ಕೊರತೆಯಿಂದ. ಅದು ಬೆಳಗಿನ ಜಾವದ ಸಾವು, ಕೆರೆಯ ತುಂಬ ಕಾಣುತ್ತದೆ. ಇಲ್ಲಿ ನಡುಮಧ್ಯಾಹ್ನ ಸಾಯುತ್ತಿದ್ದವು, ಅದೂ ನೀರು ಒಳಬರುವ ಕಾಲುವೆಯ ಬಾಯಲ್ಲಿ ಮಾತ್ರ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿತ್ತು. ಸತ್ತ ಕಾಟ್ಲಾ ಮೀನಿನ ಕಿವಿರು ಎತ್ತಿ ನೋಡಿದೆ. ಕೆಂಪಗಿರಬೇಕಾದದ್ದು ಬಿಳಿಚಿಕೊಂಡು ಲೋಳೆ ಕಟ್ಟಿತ್ತು. ಕಾಲುವೆಯ ನೀರನ್ನು ಪರೀಕ್ಷಾ ನಳಿಕೆಗೆ ಹಿಡಿದು ಕ್ಲೋರಿನ್ ಪತ್ತೆಮಾಡುವ ದ್ರಾವಣದ ಹನಿ ಹಾಕಿದೆ. ನೀರು ಕಡು ಹಳದಿಗೆ ತಿರುಗಿತು.

ಕ್ಲೋರಿನ್ ಬಿಸಿಲಿಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಹಬ್ಬ ಕಳೆದ ಮೇಲೆ ತಂದ ನೀರಿನಲ್ಲಿ ಏನೂ ಸಿಗದಿದ್ದದ್ದು ಅದಕ್ಕೇ.

ಮುನಿರಾಜುವನ್ನು ಕರೆದುಕೊಂಡು ಕಾಲುವೆಗುಂಟ ಮೇಲಕ್ಕೆ ನಡೆದೆ. ಅವರು ಸತ್ತ ಮೀನೊಂದನ್ನು ಕೈಯಲ್ಲಿ ಹಿಡಿದೇ ಬಂದರು. ಅದು ಒಂದು ಲೇಔಟಿನ ರಸ್ತೆಬದಿಯ ಮೋರಿಗೆ ಹೋಗಿ ಸೇರಿತು. ಗೇಟುಗಳಿಗೆ ಆಗಲೇ ಮಾವಿನೆಲೆ ಕಟ್ಟಿದ್ದರು. ಮನೆಮನೆಯ ಸಂಪಿನಿಂದಲೂ ಪೈಪು ಹೊರಬಂದು ಮೋರಿಗೆ ಬಿಳಿ ನೀರು ಸುರಿಯುತ್ತಿತ್ತು. ಬೀದಿಗೆ ಬೀದಿಯೇ ಬ್ಲೀಚಿಂಗ್ ಪೌಡರಿನ ಘಾಟು. ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಶೈಲಜಾ ಛತ್ರಿ ಹಿಡಿದು ಕೆಲಸಗಾರರ ಮೇಲ್ವಿಚಾರಣೆ ಮಾಡುತ್ತಿದ್ದರು.

"ಹಬ್ಬಕ್ಕೆ ಎಲ್ಲಾ ಮನೆ ಸಂಪೂ ಒಂದೇ ದಿನ ಕ್ಲೀನ್ ಮಾಡಿಸ್ತೀವಿ ಸರ್. ಮೂರು ವರ್ಷದಿಂದ ಇದೇ ಪದ್ಧತಿ" ಎಂದರು ಹೆಮ್ಮೆಯಿಂದ.

"ಮೇಡಂ, ದಯವಿಟ್ಟು ಪಂಪ್ ನಿಲ್ಲಿಸಿ. ಕೆರೇಲಿ ಮೀನು ಸಾಯ್ತಿವೆ."

"ಇದಕ್ಕಾ? ಕುಡಿಯೋ ನೀರಿಗೇ ಹಾಕ್ತಾರಲ್ಲ ಸರ್ ಬ್ಲೀಚಿಂಗ್ ಪೌಡರ್ನ!"

"ಅಲ್ಲಿ ಹಾಕೋದು ಚಿಟಿಕೆ. ಇಲ್ಲಿ ಸಂಪಿಗೊಂದು ಡಬ್ಬ. ನಮಗೇನೂ ಆಗದಷ್ಟು ಕ್ಲೋರಿನ್ನೂ ಮೀನಿನ ಕಿವಿರನ್ನ ಸುಟ್ಟುಬಿಡತ್ತೆ."

"ಆದ್ರೆ ಇದು ಡ್ರೈನೇಜಿಗೆ ತಾನೇ ಹೋಗೋದು?"

"ಡ್ರೈನೇಜ್ ನಿಮ್ಮ ಬಚ್ಚಲಿಂದ ಹೋಗೋ ಪೈಪು. ಇದು ಮಳೆನೀರಿನ ಮೋರಿ. ಸೀದಾ ಕೆರೆಗೆ."

ಅವರು ಮೋರಿಯನ್ನು ನೋಡಿದರು. ನಂತರ ಮುನಿರಾಜುವಿನ ಕೈಯಲ್ಲಿದ್ದ ಸತ್ತ ಮೀನನ್ನು ನೋಡಿದರು. ಛತ್ರಿ ಮಡಿಸಿ ಬೀದಿಯ ತುದಿಗೂ ಕೇಳುವಂತೆ ಕೂಗಿದರು: "ನಿಲ್ಸ್ರಪ್ಪಾ! ಎಲ್ಲಾ ಪಂಪೂ ಆಫ್ ಮಾಡಿ!"

ಆದರೆ ಮೋರಿಗೆ ಬಿದ್ದಾಗಿದ್ದ ನೀರು ಕೆರೆಯ ಕಡೆಗೆ ಹೊರಟಿತ್ತು. ಅದನ್ನು ಕಾಲುವೆಯಲ್ಲೇ ತಡೆಯಬೇಕು, ಅದಕ್ಕೆ ಮಣ್ಣಿನ ಚೀಲ ಬೇಕು. ಚೀಲ ಯಾರ ಹತ್ತಿರ ಸಿಗುತ್ತೆ ಎಂದು ಕೇಳಿದೆ. ಮುನಿರಾಜು ಮುಖ ಬೇರೆ ಕಡೆ ತಿರುಗಿಸಿ ಹೇಳಿದರು: "ನಂಜಪ್ಪನ ಕೊಟ್ಟಿಗೇಲೈತೆ. ಬೂಸಾ ಚೀಲ."

"ಹೋಗಿ ಕೇಳಿ."

ಹೋದರು. ಏನು ಮಾತಾಡಿಕೊಂಡರೋ ತಿಳಿಯದು. ನಾನು ಕಾಲುವೆಯ ಬಾಯಿಗೆ ಬರುವಷ್ಟರಲ್ಲಿ ನಂಜಪ್ಪ ಹೆಗಲ ತುಂಬ ಚೀಲ ಹೊತ್ತು ಬಂದಿದ್ದರು.

"ವಿಷ ಆಕೋನ್ ಮನೆ ಚೀಲ. ನಡೀತದೇನಪ್ಪಾ?"

"ಸುಮ್ಕೆ ಮಣ್ ತುಂಬಣ್ಣೋ" ಎಂದರು ಮುನಿರಾಜು.

ಅಣ್ಣ ಎಂಬ ಆ ಮಾತನ್ನು ನಂಜಪ್ಪ ಕೇಳಿಸಿಕೊಂಡರು. ಇನ್ನಷ್ಟು ಬಿರುಸಾಗಿ ಗುದ್ದಲಿ ಹಾಕಿದರು. ಲೇಔಟಿನ ಕೆಲಸಗಾರರೂ ಬಂದು ಕೈಹಚ್ಚಿದರು. ಕಟ್ಟೆಯ ಹಿಂದೆ ನಿಂತ ನೀರಿಗೆ ನಾನು ಡಿಕ್ಕಿಯಲ್ಲಿದ್ದ ಹೈಪೋ ಹರಳು ಕರಗಿಸಿ ಹಾಕಿದೆ. ಮೀನುಮರಿ ಸಾಕುವವರು ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಬಳಸುವುದು ಇದನ್ನೇ. ಮತ್ತೆ ಮತ್ತೆ ಪರೀಕ್ಷಿಸಿದೆ. ಹಳದಿ ತೆಳುವಾಗುತ್ತ ಬಂದು, ಸಂಜೆಯ ಹೊತ್ತಿಗೆ ನಳಿಕೆಯಲ್ಲಿ ಬಣ್ಣವೇ ಮೂಡಲಿಲ್ಲ.

ಮರುದಿನ ಬೆಳಿಗ್ಗೆ ಬೇಗನೆ ಕೆರೆಗೆ ಹೋದೆ. ಕಾಲುವೆಯ ಬಾಯಲ್ಲಿ ಹಿಂದಿನ ದಿನ ಸತ್ತವುಗಳನ್ನು ಬಿಟ್ಟರೆ ಹೊಸ ಸಾವು ಇರಲಿಲ್ಲ. ನಡುಗೆರೆಯಲ್ಲಿ ಮೀನೊಂದು ಮೇಲೆದ್ದು ಬಾಲ ಬಡಿದು ಮುಳುಗಿತು. ಏರಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ ಮುನಿರಾಜು, "ಬದುಕ್ಕಂಡ್ವು ಸಾರ್" ಎಂದು ಟವೆಲಿನಿಂದ ಮುಖ ಒರೆಸಿಕೊಂಡರು. ನನಗೂ ಎದೆ ಹಗುರಾಯಿತು. ಪಕ್ಕದಲ್ಲಿ ನಂಜಪ್ಪನ ಹೆಸರು ಕೆತ್ತಿದ್ದ ಕಾಫಿ ಲೋಟ ಇತ್ತು.

ಲೇಔಟಿನ ಪದ್ಧತಿ ಬದಲಾಯಿತು. ಶೈಲಜಾ ಅವರೇ ಮನೆಮನೆಗೆ ಹೋಗಿ ತಿಳಿಸಿದರು: ಸಂಪನ್ನು ಬ್ರಷ್ಷಿನಿಂದ ಉಜ್ಜಿದರೆ ಸಾಕು, ಬ್ಲೀಚಿಂಗ್ ಬೇಕೇ ಬೇಕಿದ್ದರೆ ಸ್ವಲ್ಪವೇ ಹಾಕಿ, ಆ ನೀರನ್ನು ಬಚ್ಚಲ ಪೈಪಿಗೆ ಬಿಡಿ, ಮೋರಿಗೆ ಬೇಡ. ಕಾರು ತೊಳೆದ ಸೋಪಿನ ನೀರು, ಗುಲಾಬಿಗೆ ಹೊಡೆದು ಮಿಕ್ಕ ಕೀಟನಾಶಕ ಕೂಡ ಮೋರಿಗೆ ಬೀಳದಂತೆ ಅವರು ಕಾವಲು ನಿಂತದ್ದನ್ನು ನಾನೇ ಕಂಡಿದ್ದೇನೆ. ಮುಂದಿನ ಯುಗಾದಿಗೆ ನನಗೆ ಫೋನ್ ಬರಲಿಲ್ಲ. ಹಬ್ಬ ಕಳೆದ ಮೇಲೆ ಬಂತು, ಮೀನು ಹಿಡಿಯುವುದನ್ನು ನೋಡಲು ಬನ್ನಿ ಎಂದು. ಹೋದಾಗ ಅಟ್ಟದ ಎಳೆಬಲೆ ನೀರಿಗಿಳಿದಿತ್ತು. ಒಂದು ತುದಿಯಲ್ಲಿ ಮುನಿರಾಜು, ಇನ್ನೊಂದು ತುದಿಯಲ್ಲಿ ನಂಜಪ್ಪ, "ನೀನ್ ಎಳಿಯೋ", "ನೀನ್ ಮೊದ್ಲು ಎಳಿಯಣ್ಣ" ಎಂದು ಬೈದಾಡಿಕೊಂಡು ಎಳೆಯುತ್ತಿದ್ದರು.

ಕೆಟ್ಟ ನೀರಿನ ಮುಂದೆ ನಿಂತು ಯಾರು ಮಾಡಿದರು ಎಂದು ಕೇಳುವ ಮೊದಲು, ನೀರು ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ನನ್ನ ವೃತ್ತಿ ಕಲಿಸಿದ್ದು ಇಷ್ಟು. ಆ ದಾರಿಯ ಕೊನೆಯಲ್ಲಿ ನನಗೆ ಸಿಕ್ಕಿದ್ದು ವೈರಿಯಲ್ಲ, ಹಬ್ಬಕ್ಕೆ ಮನೆ ಚೊಕ್ಕಟವಾಗಿರಲೆಂದು ಬಯಸಿದ ಜನ. ಈಗಲೂ ಯುಗಾದಿಗೆ ನಮ್ಮ ಮನೆಯ ಸಂಪನ್ನು ನಾನೇ ನಿಂತು ತೊಳೆಸುತ್ತೇನೆ. ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂದು ನೋಡಿಕೊಳ್ಳದೆ ಪಂಪಿನ ಸ್ವಿಚ್ ಒತ್ತುವುದಿಲ್ಲ.