ಏಳನೆಯವಳು

ವಾಲಿಬಾಲ್ ಕೋರ್ಟಿನ ಒಳಗೆ ಒಂದು ತಂಡದ ಆರು ಜನ ಇರುತ್ತಾರೆ. ಚಿಂತಾಮಣಿಯಲ್ಲಿ ಪಿಯುಸಿ ಓದುತ್ತಿದ್ದ ಎರಡು ವರ್ಷವೂ ಕಾಲೇಜು ತಂಡದಲ್ಲಿ ನಾನು ಏಳನೆಯವಳಾಗಿದ್ದೆ. ಅಂದರೆ ಬೆಂಚು. ಒಳಗಿರುವವರಲ್ಲಿ ಯಾರಿಗಾದರೂ ಏನಾದರೂ ಆದರೆ ನನಗೆ ಆಟ. ಈಗ ಬರೆಯುವಾಗ ಈ ಮಾತು ಎಷ್ಟು ಕೆಟ್ಟದ್ದು ಅನ್ನಿಸುತ್ತದೆ. ಆಗ ಅದು ಬರೀ ನಿಯಮ.

ನಾನು ಆಡಬೇಕೆಂದಿದ್ದ ಜಾಗದಲ್ಲಿ ಆಡುತ್ತಿದ್ದವಳು ನನ್ನ ಗೆಳತಿ. ನೆಟ್ಟಿನ ಎಡಗಡೆ ಮೇಲೆ ಹಾರಿ ಹೊಡೆಯುವ ಅಟ್ಯಾಕರ್ ಅವಳು. ಕೆಂಚಾರ್ಲಹಳ್ಳಿ ಕಡೆಯ ಒಂದೇ ಊರು ನಮ್ಮಿಬ್ಬರದೂ, ಹೋಗಿಬರುವ ಬಸ್ಸೂ ಒಂದೇ. ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಮನೆ ಇದ್ದ ಸಂಸಾರ. ಅವಳ ತಂದೆ ಅಂಚೆ ಇಲಾಖೆಯಲ್ಲಿದ್ದರು. ಅವರ ಮನೆ ಊರಾಚೆಯ ಕಾಲೋನಿಯಲ್ಲಿ. ಒಳಗೆ ಕಾಲಿಟ್ಟರೆ ಎದುರಿಗೇ ಬುದ್ಧನ ಚಿತ್ರ, ಅದರ ಕೆಳಗೆ ಒಂದು ಬೀರು ತುಂಬ ಪುಸ್ತಕ. ಅವಳು ನಮ್ಮ ಮನೆಗೆ ಬಂದರೆ ಜಗಲಿಯ ಮೇಲೆ ಕೂರುತ್ತಿದ್ದಳು. ಅಮ್ಮ ಅವಳಿಗೆ ಕಾಫಿ ಕೊಡುತ್ತಿದ್ದದ್ದು ಪ್ಲಾಸ್ಟಿಕ್ ಲೋಟದಲ್ಲಿ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ.

ಅವಳ ಆಟ ನನ್ನ ಆಟಕ್ಕಿಂತ ಮೇಲು. ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವಳಷ್ಟೇ ಹೊತ್ತು ನಾನೂ ಅಭ್ಯಾಸ ಮಾಡುತ್ತಿದ್ದೆ, ಅವಳಿಗಿಂತ ಮೊದಲೇ ಮೈದಾನಕ್ಕೆ ಬರುತ್ತಿದ್ದೆ. ಆದರೂ ನಾನು ಹಾರಿದರೆ ಅಂಗೈ ಮಾತ್ರ ನೆಟ್ಟಿನ ಮೇಲೆ ಬರುತ್ತಿತ್ತು, ಅವಳು ಹಾರಿದರೆ ಮೊಣಕೈವರೆಗೂ. ಅವಳು ಹೊಡೆದ ಚೆಂಡಿಗೆ ಎದುರಿನವರು ಕೈ ಎತ್ತುವಷ್ಟರಲ್ಲಿ ಅದು ನೆಲಕ್ಕೆ ಬಡಿದು ಆಚೆ ಹೋಗಿರುತ್ತಿತ್ತು.

ಮೊದಮೊದಲು ನನಗೆ ಬೇಜಾರೇನೂ ಇರಲಿಲ್ಲ. ನೀರಿನ ಬಾಟಲಿ ಹಿಡಿದು, ಬ್ಯಾಗು ಕಾದು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಅಪ್ಪ ತಲೆ ಎತ್ತದೆ ಕೇಳಿದರು, "ಅವಳು ಒಳಗಾಡ್ತಾಳಂತೆ, ನೀನು ಹೊರಗೆ ಕೂತು ಚಪ್ಪಾಳೆ ಹೊಡೀತೀಯಂತೆ. ಹೌದೇನಮ್ಮ?" ಹೌದು ಅಂದೆ. ಅವರು ಸೊಪ್ಪು ಹಾಕುವುದನ್ನು ಮುಂದುವರಿಸಿದರು. ಆ ಪ್ರಶ್ನೆಯ ಒಳಗೆ ಏನಿತ್ತು ಅಂತ ನನಗೆ ಗೊತ್ತಾಯಿತು, ಆದರೆ ಗೊತ್ತಾಯಿತು ಅಂತ ಒಪ್ಪಿಕೊಳ್ಳಲಿಲ್ಲ. ಆಟ ಸಿಗದೇ ಇದ್ದದ್ದರ ನೋವು ಮಾತ್ರ ಇದು ಅಂದುಕೊಂಡೆ. ಅಂದಿನಿಂದ ಅವಳು ಹಾರಿದಾಗಲೆಲ್ಲ ನಾನು ಅವಳ ತಪ್ಪಿಗೆ ಕಾಯತೊಡಗಿದೆ. ಚೆಂಡು ನೆಟ್ಟಿಗೆ ಸಿಕ್ಕಿಕೊಂಡರೆ ಎದೆಯಲ್ಲಿ ತಣ್ಣಗಾಗುತ್ತಿತ್ತು. ಮರುಕ್ಷಣವೇ ಬಾಯಿ "ಪರವಾಗಿಲ್ಲ ಕಣೇ, ಮುಂದಿನದು ನೋಡು" ಎಂದು ಕೂಗುತ್ತಿತ್ತು. ಎರಡೂ ನಾನೇ.

ಎರಡನೇ ಪಿಯುಸಿಯಲ್ಲಿ ಜಿಲ್ಲಾ ಮಟ್ಟದ ಫೈನಲ್ಲು ಗೌರಿಬಿದನೂರಿನಲ್ಲಿ ನಡೆಯಿತು. ಗೆದ್ದ ತಂಡ ರಾಜ್ಯಮಟ್ಟಕ್ಕೆ ಹೋಗಬೇಕು. ಮೊದಲ ಸೆಟ್ಟು ನಮ್ಮದು, ಎರಡನೆಯದು ಅವರದು. ಮೂರನೆಯದು ಹದಿನೈದು ಪಾಯಿಂಟಿನದು. ಅದರಲ್ಲಿ ಒಂದು ತಂಡ ಎಂಟು ತಲುಪಿದ ಕೂಡಲೇ ಎರಡೂ ತಂಡ ಕೋರ್ಟು ಬದಲಾಯಿಸಬೇಕು. ಎಂಟು ನಾವೇ ತಲುಪಿದೆವು. ಆಡುವವರು ಆ ಕಡೆಗೆ ಹೋದರು. ನಾನು ಬಾಟಲಿ, ಟವೆಲ್ಲುಗಳನ್ನು ಎತ್ತಿಕೊಂಡು ಹಿಂದಿನಿಂದ ಸುತ್ತಿಕೊಂಡು ಹೋದೆ.

ಹೋಗುವಾಗ ಆ ಗೂಟ ಕಂಡಿತು. ನೆಟ್ಟಿನ ಕಂಬಕ್ಕೆ ಹಗ್ಗ ಎಳೆದು ಕಟ್ಟಿದ ಕಬ್ಬಿಣದ ಗೂಟ. ನೆಲ ಸಡಿಲವಾಗಿ ಅದು ಅರ್ಧ ಮೇಲೆದ್ದು, ಗೆರೆಯ ಕಡೆಗೆ ಬಾಗಿ ನಿಂತಿತ್ತು. ಎಚ್ಚರಿಕೆಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿಹೋಗಿ ಮಣ್ಣಲ್ಲಿ ಬಿದ್ದಿತ್ತು. ಹತ್ತು ಹೆಜ್ಜೆ ಆಚೆ ನಮ್ಮ ಪಿ.ಟಿ. ಸರ್ ನಿಂತಿದ್ದರು. ಗೆರೆ ನೋಡುವ ಲೈನ್‌ಮನ್ ಅವರಿಗಿಂತಲೂ ಹತ್ತಿರದಲ್ಲಿದ್ದರು. ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನೆಟ್ಟಿನ ಎಡಗಡೆ, ಆ ಗೂಟ ಇದ್ದ ಕಡೆಗೇ ಬಂದು ನಿಂತಳು. ಬಾಯಿ ಮುಚ್ಚಿದೆ.

ಅವಳು ಬೀಳಲಿ ಅಂತ ನಾನು ಅಂದುಕೊಳ್ಳಲಿಲ್ಲ. ಇದು ನಿಜ. ಆದರೆ ನಾನು ಆ ನಿಜವನ್ನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೆ ಅಂದರೆ, ಈಗ ಅದನ್ನು ಬಳಸಲು ನಾಚಿಕೆಯಾಗುತ್ತದೆ. ಬೆಂಚಿಗೆ ಹೋಗಿ ಕೂತೆ. ಟವೆಲ್ಲು ಮಡಚಿ ಇಟ್ಟೆ.

ಹನ್ನೊಂದು ಹನ್ನೊಂದು ಆಗಿದ್ದಾಗ ಯಾರದೋ ಕೈಗೆ ತಗುಲಿದ ಚೆಂಡು ಎಡಕ್ಕೆ ಹೊರಗೆ ಹಾರಿತು. ಬೇರೆಯವರಾಗಿದ್ದರೆ ಬಿಡುತ್ತಿದ್ದರು. ಅವಳು ಓಡಿದಳು. ಕಣ್ಣು ಚೆಂಡಿನ ಮೇಲಿತ್ತು. ಕೈ ಚಾಚಿ ಮುಂದಕ್ಕೆ ಬಿದ್ದಾಗ ಮಂಡಿ ನೇರವಾಗಿ ಆ ಕಬ್ಬಿಣಕ್ಕೆ ಬಡಿಯಿತು. ಅವಳು ಕಿರುಚಲಿಲ್ಲ, ಉಸಿರು ಒಳಗೆಳೆದುಕೊಂಡ ಸದ್ದೊಂದು ಬೆಂಚಿನವರೆಗೂ ಕೇಳಿಸಿತು. ನಾಲ್ಕು ಜನ ಎತ್ತಿಕೊಂಡು ಹೋಗಿ ಜೀಪಿನಲ್ಲಿ ಮಲಗಿಸಿದರು. ಸರ್ ಬೆವರು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಒಳಗೆ ಹೋಗಮ್ಮ," ಅಂದರು.

ಹೋದೆ. ಇನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟದ್ದು. ಅಂದು ನಾನು ಆಡಿದ ಹಾಗೆ ಅದಕ್ಕೆ ಮುಂಚೆ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಕೊನೆಯ ನಾಲ್ಕು ಪಾಯಿಂಟಿನಲ್ಲಿ ಮೂರು ನನ್ನ ಹೊಡೆತದವು. ಗೆದ್ದಾಗ ಎಲ್ಲರೂ ಬಂದು ನನ್ನನ್ನು ತಬ್ಬಿಕೊಂಡರು. ನನಗೆ ಸಂತೋಷವಾಯಿತು. ಅಳುಕು, ದುಃಖ ಯಾವುದೂ ಬೆರೆಯದ ಸಂತೋಷ. ಕೆಲವು ನಿಮಿಷದ ಮಟ್ಟಿಗೆ ಅವಳು ನನ್ನ ನೆನಪಿನಲ್ಲೇ ಇರಲಿಲ್ಲ.

ಅವಳ ಮಂಡಿಚಿಪ್ಪು ಒಡೆದಿತ್ತು. ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟುಗಳು ಹರಿದಿದ್ದವು. ಚಿಕ್ಕಬಳ್ಳಾಪುರದಲ್ಲಿ ಒಂದು ಆಪರೇಷನ್ ಆಯಿತು, ಆರು ತಿಂಗಳಿಗೆ ಇನ್ನೊಂದು. ಕಾಲು ಉಳಿಯಿತು. ಪೂರ್ತಿ ಮಡಚುವುದಕ್ಕೆ ಮಾತ್ರ ಆಗಲಿಲ್ಲ, ಈಗಲೂ ಆಗುವುದಿಲ್ಲ. ನೋಡಲು ನಾನು ಹೋದದ್ದು ಒಂದೇ ಸಲ. ಅವಳ ಅಮ್ಮ ತಾವು ಕುಡಿಯುವ ಸ್ಟೀಲ್ ಲೋಟದಲ್ಲೇ ನನಗೆ ಟೀ ಕೊಟ್ಟು, ಕನ್ನಡ ತೆಲುಗು ಬೆರೆಸಿ ತುಂಬ ಹೊತ್ತು ಮಾತಾಡಿದರು. ನೀನಾದರೂ ಗೆಲ್ಲಿಸಿಕೊಂಡು ಬಂದೆಯಲ್ಲ, ಇವಳಿಗೆ ಅದೊಂದು ಸಮಾಧಾನ ಅಂದರು. ಅವಳು ಮಂಚದ ಮೇಲಿಂದ ನನ್ನ ಹೊಡೆತಗಳ ಬಗ್ಗೆ ಒಂದೊಂದಾಗಿ ಕೇಳಿದಳು. ನಾನು ಹೇಳಿದೆ.

ರಾಜ್ಯಮಟ್ಟದಲ್ಲಿ ಮೊದಲ ಪಂದ್ಯದಲ್ಲೇ ಸೋತೆವು. ಆದರೂ ಸರ್ಟಿಫಿಕೇಟ್ ಬಂತು. ಡಿಗ್ರಿ ಮುಗಿದಾಗ ಅದರ ಬಲದ ಮೇಲೆ ನನಗೆ ಬಿ.ಪಿ.ಎಡ್. ಸೀಟು ಸಿಕ್ಕಿತು, ಆಮೇಲೆ ಶಿಡ್ಲಘಟ್ಟ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯ ಕೆಲಸ. ಮದುವೆ, ಮಗಳು, ಶಿಡ್ಲಘಟ್ಟದಲ್ಲಿ ಒಂದು ಬಾಡಿಗೆ ಮನೆ. ಹೊರಗಿನಿಂದ ನೋಡಿದರೆ ಯಾವುದಕ್ಕೂ ಕಮ್ಮಿ ಇಲ್ಲದ ಬದುಕು. ಅವಳು ಚೆನ್ನಾಗಿ ಓದಿ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯಾದಳು. ಹಬ್ಬಕ್ಕೆ ಮೆಸೇಜು ಕಳಿಸಿಕೊಳ್ಳುತ್ತಿದ್ದೆವು. ಅಷ್ಟೇ.

ನನ್ನ ಮೈ ಮಾತ್ರ ಸುಮ್ಮನಿರಲಿಲ್ಲ. ಪಂದ್ಯದ ದಿನ ಬಂದರೆ ಊಟ ಇಳಿಯುತ್ತಿರಲಿಲ್ಲ. ಕೋರ್ಟು ಹಾಕಿಸುವಾಗ ಪ್ರತಿ ಗೂಟವನ್ನೂ ಕಾಲಿಂದ ಒದ್ದು ನೋಡುತ್ತಿದ್ದೆ, ಮತ್ತೆ ಹೋಗಿ ಮತ್ತೆ ಒದೆಯುತ್ತಿದ್ದೆ. ಮಕ್ಕಳು ನನಗೆ 'ಗೂಟದ ಮಿಸ್' ಅಂತ ಹೆಸರಿಟ್ಟಿದ್ದರು. ಜವಾಬ್ದಾರಿಯ ಟೀಚರ್ ಅಂತ ಹೆಡ್‌ಮಾಸ್ಟರು ಸಭೆಯಲ್ಲಿ ಹೊಗಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯಲ್ಲಿ ಸಣ್ಣ ಸಣ್ಣದಕ್ಕೆ ರೇಗುತ್ತಿದ್ದೆ. ಥೈರಾಯ್ಡ್ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆವು. ಏನೂ ಇಲ್ಲ ಅಂತ ಬಂತು.

ಹೋದ ವರ್ಷ ಚಿಕ್ಕಬಳ್ಳಾಪುರದಲ್ಲಿ ನಮ್ಮಂಥ ಶಿಕ್ಷಕರಿಗೆಲ್ಲ ಎರಡು ದಿನದ ತರಬೇತಿ ಇತ್ತು. ವಿಷಯ, ಆಟ ಮತ್ತು ಮನಸ್ಸಿನ ಆರೋಗ್ಯ. ಮಧ್ಯಾಹ್ನದ ಊಟದ ಮೇಲೆ ಎಲ್ಲರೂ ತೂಕಡಿಸುತ್ತಿದ್ದ ಹೊತ್ತು. ತರಬೇತಿಗೆ ಬಂದಿದ್ದ ಹೆಂಗಸು ಎಲ್ಲರಿಗೂ ಕಣ್ಣು ಮುಚ್ಚಿಸಿ, ಮೈದಾನದಲ್ಲಿ ನೀವು ಅತಿ ಹೆಚ್ಚು ಖುಷಿಯಾಗಿದ್ದ ಗಳಿಗೆಯನ್ನು ನೆನಪಿಗೆ ತಂದುಕೊಳ್ಳಿ, ಅದರೊಳಗೆ ಹೋಗಿ ನಿಲ್ಲಿ ಅಂದರು. ನಾನು ಹುಡುಕಬೇಕಾಗಲಿಲ್ಲ. ಗೌರಿಬಿದನೂರಿನ ಆ ಮಧ್ಯಾಹ್ನ ತಾನಾಗಿಯೇ ಬಂತು. ತಬ್ಬಿಕೊಂಡ ಕೈಗಳು, ಕೂಗು, ಅದೇ ಸಂತೋಷ. ಇಷ್ಟು ವರ್ಷದ ಮೇಲೂ ಅದು ಒಂದಿಷ್ಟೂ ಮಾಸಿರಲಿಲ್ಲ. ನಾನು ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಸಾರು ಹಿಡಿಸಿಲ್ಲವೇನೋ ಅಂದರು ಜೊತೆಯವರು.

ನಾನು ಹೆದರುತ್ತಿದ್ದದ್ದು ಗೂಟಕ್ಕಲ್ಲ, ನನಗೇ. ಅದು ಆ ದಿನ ತಿಳಿಯಿತು. ಹೋಗಿ ಅವಳಿಗೆ ಹೇಳಿಬಿಡಬೇಕು, ಹೇಳಿದರೆ ಎಲ್ಲಾ ಸರಿಹೋಗುತ್ತದೆ ಅನ್ನಿಸಿತು.

ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಗೌರಿಬಿದನೂರಿಗೆ ಹೋದೆ. ಅವಳು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು, ಒಂದು ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡು. ಗಂಡ ಮಾರ್ಕೆಟ್ಟಿಗೆ ಹೋಗಿದ್ದರು. ನನ್ನನ್ನು ಕಂಡು ನಿಜವಾಗಿ ಸಂತೋಷಪಟ್ಟಳು. ಉಪ್ಪಿಟ್ಟು ಕೊಟ್ಟಳು, ಮಗಳ ಬಗ್ಗೆ ಕೇಳಿದಳು. ಆಮೇಲೆ ನಾನು ಹೇಳಿದೆ. ಗೂಟ ಕಂಡದ್ದು, ಬಾಯಿ ತೆರೆದದ್ದು, ಮುಚ್ಚಿದ್ದು, ಬೆಂಚಿನ ಮೇಲೆ ಕೂತದ್ದು, ಎಲ್ಲಾ.

ಅವಳು ಪೆನ್ನಿಗೆ ಕ್ಯಾಪು ಹಾಕಿ ಪಕ್ಕಕ್ಕಿಟ್ಟಳು.

"ಯಾಕೆ ಹೇಳ್ಲಿಲ್ಲ?" ಅಂದಳು.

"ನೀನು ಒಳಗಿದ್ದೆ, ನಾನು ಹೊರಗಿದ್ದೆ. ತಡ್ಕೊಳಕ್ಕಾಗ್ಲಿಲ್ಲ."

"ಊರಲ್ಲಿ ನಾನು ಯಾವತ್ತು ಒಳಗಿದ್ದೆ?" ಅವಳ ದನಿ ಏರಲಿಲ್ಲ. "ನಿಮ್ಮನೆ ಜಗಲಿ ದಾಟಿಲ್ಲ ನಾನು. ಅದೊಂದು ಕೋರ್ಟಲ್ಲಿ ಒಳಗಿದ್ದೆ. ಅಷ್ಟೂ ನಿಂಗೆ ತಡ್ಕೊಳಕ್ಕಾಗ್ಲಿಲ್ವಾ?"

ನನಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು.

ಅವಳು ಸ್ಟೂಲಿನಿಂದ ಕಾಲು ಇಳಿಸಿ ಹೇಳಿದಳು, "ನಿಂಗೆ ಹಗುರ ಆಗ್ಲಿ ಅಂತ ಬಂದಿದ್ದೀಯ, ಅಲ್ವಾ? ಇಷ್ಟು ವರ್ಷ ಅದು ಬರೀ ಗೂಟ ಆಗಿತ್ತು ಕಣೇ. ನೋಡದೆ ಓಡಿದೆ, ಬಿದ್ದೆ. ನನ್ನ ಗ್ರಹಚಾರ ಅಂತ ಒಪ್ಕೊಂಡಿದ್ದೆ. ಒಪ್ಕೊಳಕ್ಕೆ ಎಷ್ಟು ವರ್ಷ ಹಿಡೀತು ಅಂತ ನಿಂಗೊತ್ತಿಲ್ಲ. ಇನ್ಮೇಲೆ ಕಾಲು ನೋವು ಬಂದಾಗೆಲ್ಲ ಆ ಗೂಟದ ಪಕ್ಕ ನೀನೂ ನಿಂತಿರ್ತೀಯ."

ನಾನು ಕ್ಷಮಿಸು ಅಂದೆ. ಅವಳು ಬಾಗಿಲವರೆಗೂ ಬಂದಳು, ಕಾಲೆಳೆಯುತ್ತಾ. ಹನ್ನೆರಡೂವರೆಗೆ ಬಸ್ಸಿದೆ ಅಂತಷ್ಟೇ ಹೇಳಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಂದು ಕೋರ್ಟಿನ ಪಕ್ಕ ನಾನು ನನ್ನ ಬಗ್ಗೆ ಮಾತ್ರ ಯೋಚಿಸಿ ಸುಮ್ಮನಿದ್ದೆ. ಇಂದು ನನ್ನ ಬಗ್ಗೆ ಮಾತ್ರ ಯೋಚಿಸಿ ಬಾಯಿಬಿಟ್ಟೆ. ನನ್ನನ್ನು ನಾನು ಅರಿತುಕೊಂಡೆ ಅಂದುಕೊಂಡು ಹೊರಟ ಪ್ರಯಾಣದಲ್ಲೂ ಅವಳು ನನಗೆ ಕಂಡಿರಲಿಲ್ಲ.

ಈ ವರ್ಷ ನಮ್ಮ ಶಾಲೆಯ ತಂಡದಲ್ಲೂ ಬೆಂಚಿನ ಮೇಲೆ ಕೂರುವ ಒಬ್ಬಳು ಹುಡುಗಿ ಇದ್ದಾಳೆ, ಒಂಬತ್ತನೇ ಕ್ಲಾಸು. ಅವಳ ಚಪ್ಪಾಳೆ ಎಲ್ಲರದಕ್ಕಿಂತ ಒಂದು ಗಳಿಗೆ ತಡವಾಗಿ ಬೀಳುವುದನ್ನು ನಾನು ಗಮನಿಸಿದ್ದೆ. ಒಂದು ಸಂಜೆ ಪಕ್ಕದಲ್ಲಿ ಕೂತು, ಒಳಗಿರುವವಳು ತಪ್ಪು ಮಾಡಿದರೆ ನಿನಗೆ ಏನನ್ನಿಸುತ್ತದೆ ಅಂತ ಕೇಳಿದೆ. ಬೇಜಾರಾಗುತ್ತೆ ಅಂತ ಮೊದಲು ಅಂದಳು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, "ಖುಷಿ ಆಗುತ್ತೆ ಮಿಸ್," ಅಂದಳು.

"ಆಗುತ್ತಮ್ಮ. ನಂಗೂ ಆಗ್ತಿತ್ತು. ಆದಾಗ, ಆಯ್ತು ಅಂತ ನಿಂಗೆ ಗೊತ್ತಿರಲಿ. ಮುಚ್ಚಿಡಬೇಡ, ಬಂದು ನಂಗೆ ಹೇಳು."

ಅವಳು ತಲೆಯಾಡಿಸಿದಳು. ಮರುವಾರ ತಂಡವನ್ನೇ ಬಿಟ್ಟಳು, ಟ್ಯೂಷನ್ ಇದೆ ಅಂತ. ನಾನು ಕೇಳಿದ್ದು ತಪ್ಪೋ ಸರಿಯೋ ತಿಳಿಯದು. ಒಬ್ಬರ ಮನಸ್ಸಿನ ಬಾಗಿಲು ತಟ್ಟಿದ ಮೇಲೆ ಒಳಗೆ ಏನಾಗುತ್ತದೆ ಅನ್ನುವುದು ನನಗೆ ಇನ್ನೂ ಗೊತ್ತಿಲ್ಲ. ಕೋರ್ಟಿನ ಗೂಟಗಳನ್ನು ಈಗಲೂ ಒದ್ದು ನೋಡುತ್ತೇನೆ. ಒದೆಯುವಾಗ ಯಾಕೆ ಅಂತ ಗೊತ್ತಿದೆ, ಹೊಸದಾಗಿ ಸೇರಿದ್ದು ಅಷ್ಟೇ.

ಗೌರಿಬಿದನೂರಿಗೆ ಹೋಗಿ ಬಂದು ನಾಲ್ಕು ತಿಂಗಳ ಮೇಲೆ ಅವಳಿಂದ ಒಂದು ಮೆಸೇಜು ಬಂತು. ಸ್ಟಾಫ್ ರೂಮಿನಲ್ಲಿ ಹಾಜರಿ ಬರೆಯುತ್ತಿದ್ದೆ. "ಅಮ್ಮನಿಗೆ ಇದು ಯಾವತ್ತೂ ಗೊತ್ತಾಗಬಾರದು. ಅವರು ನಿನ್ನ ಬಗ್ಗೆ ಇನ್ನೂ ಒಳ್ಳೇದೇ ಮಾತಾಡ್ತಾರೆ," ಅಂತಿತ್ತು. ಏನೇನೋ ಬರೆದು ಅಳಿಸಿದೆ. ಕೊನೆಗೆ "ಆಯ್ತು" ಅಂತ ಕಳಿಸಿದೆ. ಅವಳು ಅದನ್ನು ಓದಿದ್ದು ಕಾಣಿಸಿತು. ಆಮೇಲೆ ಏನೂ ಬಂದಿಲ್ಲ. ನಾನೂ ಏನೂ ಕಳಿಸಿಲ್ಲ.